ಅಲ್ಪಬೆಲೆಯ ಗ್ರಾಫಿಕ್ಸ್ ಕಾರ್ಡಿನಲ್ಲಿ ಹೊಯ್ಸಳ ಶಿಲ್ಪ: ‘ದಿ ಲಾಸ್ಟ್ ಲೆಗಸಿ’ಯನ್ನು ಕುರಿತು ಒಂದು ವಿಮರ್ಶೆ

ಕಾವ್ಯವನ್ನು ಓದುವವನು ಕಾವ್ಯವನ್ನು ತಿದ್ದುವುದಿಲ್ಲ. ಶಿಲ್ಪವನ್ನು ನೋಡುವವನು ಉಳಿಯನ್ನು ಕೈಗೆತ್ತಿಕೊಳ್ಳುವುದಿಲ್ಲ. ನಾಟಕದಲ್ಲಿ ಕೂಡ ದೀಪ, ಪರದೆ, ಬಣ್ಣಗಳ ಏರ್ಪಾಡು ರಂಗದ ಹಿಂದೆ ಇರುವವರ ಹೊಣೆ. ಕಂಪ್ಯೂಟರಿನಲ್ಲಿ ಆಡುವ ಗೇಮು ಮಾತ್ರ ಈ ನಿಯಮಕ್ಕೆ ಹೊರತಾದುದು. ಅಲ್ಲಿ ಕಥೆ ಮೊದಲಾಗುವುದಕ್ಕೆ ಮುನ್ನವೇ ಪ್ರೇಕ್ಷಕನ ಮುಂದೆ ಗ್ರಾಫಿಕ್ಸ್ ಸೆಟ್ಟಿಂಗುಗಳ ಪುಟವೊಂದು ತೆರೆದುಕೊಳ್ಳುತ್ತದೆ. ನೆರಳು ಎಷ್ಟು ಸ್ಫುಟವಾಗಿರಬೇಕು, ಕಲ್ಲಿನ ಮೈ ಎಷ್ಟು ನುಣುಪಾಗಿ ತೋರಬೇಕು, ನೀರಿನಲ್ಲಿ ಬಿಂಬ ಮೂಡಬೇಕೆ ಬೇಡವೆ ಎಂಬುದನ್ನು ಅವನೇ ನಿರ್ಧರಿಸಬೇಕು. ಹಣವಂತನಿಗೆ ಈ ಪುಟ ಒಂದು ಔಪಚಾರಿಕತೆ. ಎಲ್ಲವನ್ನೂ ತುತ್ತತುದಿಗೆ ಏರಿಸಿ ಮುಂದೆ ಸಾಗುತ್ತಾನೆ. ಅಲ್ಪಬೆಲೆಯ ಕಾರ್ಡುಳ್ಳವನು ಒಂದನ್ನು ಉಳಿಸಿಕೊಳ್ಳಬೇಕಾದರೆ ಇನ್ನೊಂದನ್ನು ಬಿಡಬೇಕು. ಯಾವುದನ್ನು ಬಿಟ್ಟರೂ ಕೃತಿ ಉಳಿಯುತ್ತದೆ, ಯಾವುದನ್ನು ಬಿಟ್ಟರೆ ಕೃತಿಯೇ ಕೆಡುತ್ತದೆ ಎಂಬ ಪ್ರಶ್ನೆಯನ್ನು ಯಂತ್ರ ಬಲ್ಲವರ ಪಾಲಿಗೆ ಬಿಟ್ಟುಕೊಡುವುದೇ ಇದುವರೆಗಿನ ವಾಡಿಕೆ. ಅದು ಮೂಲತಃ ವಿಮರ್ಶೆಯ ಪ್ರಶ್ನೆಯೆಂದು ನಾವು ಭಾವಿಸುತ್ತೇವೆ. ಕರ್ನಾಟಕದ ನೆಲವನ್ನೇ ಕಥಾಭೂಮಿಯಾಗಿ ಉಳ್ಳ ಒಂದು ಗೇಮನ್ನು ತೆಗೆದುಕೊಂಡು ಈ ಮಾತನ್ನು ಇಲ್ಲಿ ಪರಿಶೀಲಿಸಲು ಯತ್ನಿಸಲಾಗಿದೆ.

‘ಅನ್‌ಚಾರ್ಟೆಡ್: ದಿ ಲಾಸ್ಟ್ ಲೆಗಸಿ’ ಎಂಬ ಈ ಗೇಮು ಅಮೆರಿಕದ ನಾಟಿ ಡಾಗ್ ಸಂಸ್ಥೆಯ ಕೃತಿ. 2017ರ ಆಗಸ್ಟ್ 22ರಂದು ಅದು ಸೋನಿ ಕಂಪನಿಯ ಪ್ಲೇಸ್ಟೇಷನ್ 4 ಯಂತ್ರಕ್ಕೆಂದು ಪ್ರಕಟವಾಯಿತು. 2022ರ ಜನವರಿಯಲ್ಲಿ ಪ್ಲೇಸ್ಟೇಷನ್ 5ಕ್ಕೂ, ಅದೇ ವರ್ಷದ ಅಕ್ಟೋಬರ್ 19ರಂದು ‘ಲೆಗಸಿ ಆಫ್ ಥೀವ್ಸ್’ ಎಂಬ ಸಂಪುಟದಲ್ಲಿ ‘ಅನ್‌ಚಾರ್ಟೆಡ್ 4’ರ ಜೊತೆಗೂಡಿ ಸಾಮಾನ್ಯ ಕಂಪ್ಯೂಟರುಗಳಿಗೂ ಬಂದಿತು. ಕ್ಲೋಯಿ ಫ್ರೇಜರ್, ನಡೀನ್ ರಾಸ್ ಎಂಬ ಇಬ್ಬರು ಸಾಹಸಿ ಸ್ತ್ರೀಯರು ಗಣೇಶನ ದಂತವನ್ನು ಅರಸುತ್ತ ಪಶ್ಚಿಮ ಘಟ್ಟಗಳನ್ನು ಹೊಕ್ಕು, ಹೊಯ್ಸಳರ ಹಳೇಬೀಡು ಬೇಲೂರುಗಳೆಂದು ಗೇಮು ಕರೆಯುವ ಪಾಳುಪಟ್ಟಣಗಳನ್ನು ದಾಟುವುದು ಇದರ ವಸ್ತು. ಅಸಾವ್ ಎಂಬ ಬಂಡುಕೋರ ನಾಯಕ ಅವರ ಎದುರಾಳಿ. ಕ್ಲೋಯಿಯ ತಂದೆ ಭಾರತೀಯ. ಅದೇ ದಂತದ ಹಂಬಲದಲ್ಲಿ ಪ್ರಾಣ ಕಳೆದುಕೊಂಡವನು. ಬಹುದೊಡ್ಡ ಬಂಡವಾಳದ ಪಾಶ್ಚಾತ್ಯ ಗೇಮೊಂದರಲ್ಲಿ ಹೊಯ್ಸಳರ ಹೆಸರು ಕಥೆಯ ನಡುವೆಯೇ ಬಂದು ನಿಲ್ಲುವುದು ದಿನನಿತ್ಯ ನಡೆಯುವ ಸಂಗತಿಯಲ್ಲ. ಅಷ್ಟರಿಂದಲೇ ಇದು ನಮ್ಮವರ ಪರೀಕ್ಷೆಗೆ ಅರ್ಹವಾಗಿದೆ.

ಸವದತ್ತಿಯ ಕಡೆಯ ವಾಚಕರಿಗೆ ಇದರಲ್ಲಿ ಇನ್ನೂ ಒಂದು ಎಳೆ ಕಾಣದೆ ಇರದು. ಘಟ್ಟದ ಬಯಲಿನಲ್ಲಿ ಆ ಇಬ್ಬರು ಜೀಪಿನಲ್ಲಿ ಅಲೆಯುತ್ತ ಮೂರು ಕೋಟೆಗಳನ್ನು ಶೋಧಿಸಬೇಕಾಗುತ್ತದೆ. ತ್ರಿಶೂಲ, ಬಿಲ್ಲು, ಕೊಡಲಿ ಇವು ಆ ಕೋಟೆಗಳ ಲಾಂಛನಗಳು. ಕೊಡಲಿ ಪರಶುರಾಮನದು. ಶಿವನ ದರ್ಶನಕ್ಕೆ ಬಂದ ಪರಶುರಾಮನನ್ನು ಗಣೇಶ ತಡೆದುದು, ಬೀಸಿ ಬಂದ ಕೊಡಲಿ ತನ್ನ ತಂದೆಯೇ ಅನುಗ್ರಹಿಸಿದುದೆಂದು ಅರಿತು ಗಣೇಶ ಅದರ ಏಟನ್ನು ದಂತದ ಮೇಲೆ ತಾಳಿಕೊಂಡುದು, ಹೀಗೆ ಬ್ರಹ್ಮಾಂಡ ಪುರಾಣದಲ್ಲಿ ಬರುವ ಕಥೆಯೇ ಗೇಮಿನ ಬೆನ್ನೆಲುಬು. ಈ ಪರಶುರಾಮ ಸವದತ್ತಿಗೆ ಹೊರಗಿನವನಲ್ಲ. ಎಲ್ಲಮ್ಮನ ಗುಡ್ಡದ ರೇಣುಕೆಯ ಮಗ ಅವನು. ಆ ಗುಡ್ಡದ ಮೇಲೆ ತಾಯಿಯ ಸನ್ನಿಧಿಯಲ್ಲಿ ಅವನಿಗೂ ಗುಡಿಯುಂಟು. ಭಾರತ ಹುಣ್ಣಿಮೆಯ ಜಾತ್ರೆಯ ಗದ್ದಲದಲ್ಲಿ ಬೆಳೆದ ತರುಣನೊಬ್ಬ ತನ್ನ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಈ ಗೇಮನ್ನು ತೆರೆದರೆ, ಅಮೆರಿಕದ ಕಲಾವಿದರು ಕಡೆದ ಪರಶುರಾಮನನ್ನು ತನಗೆ ಗೊತ್ತಿರುವ ಪರಶುರಾಮನ ಪಕ್ಕದಲ್ಲಿಟ್ಟು ನೋಡುವನು. ಅವನಿಗೆ ಕಾಣುವುದು ಮಸುಕಾದ ಕಲ್ಲೊ ಮೂರ್ತಿಯೊ ಎಂಬುದು ಅವನ ಕಾರ್ಡನ್ನು, ಅದಕ್ಕಿಂತ ಹೆಚ್ಚಾಗಿ ಅವನ ಆಯ್ಕೆಯನ್ನು ಅವಲಂಬಿಸಿದೆ.

ಕಾರ್ಡಿನ ವಿಷಯವನ್ನು ಮೊದಲು ಇತ್ಯರ್ಥ ಮಾಡಿಕೊಳ್ಳೋಣ. ಕಡಿಮೆ ಖರ್ಚಿನಲ್ಲಿ ಗೇಮು ಆಡಬಯಸುವವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದುಂಟು: ಕಚೇರಿಗಳು ಕೈಬಿಟ್ಟ ಕಂಪ್ಯೂಟರೊಂದನ್ನು ಅಗ್ಗಕ್ಕೆ ಕೊಂಡು ಅದಕ್ಕೊಂದು ಕಾರ್ಡನ್ನು ಸೇರಿಸುವುದು. ಅಂಥ ಕಂಪ್ಯೂಟರಿನ ವಿದ್ಯುತ್ ಪೆಟ್ಟಿಗೆ ಚಿಕ್ಕದು. ಹೆಚ್ಚುವರಿ ತಂತಿಯನ್ನು ಬೇಡುವ ಕಾರ್ಡು ಅದಕ್ಕೆ ಒಗ್ಗದು. 2019ರ ಏಪ್ರಿಲ್‌ನಲ್ಲಿ ಎನ್‌ವಿಡಿಯಾ ಕಂಪನಿ ಹೊರತಂದ ಜಿಟಿಎಕ್ಸ್ 1650 ಎಂಬ ಕಾರ್ಡು 75 ವ್ಯಾಟ್‌ಗಳಲ್ಲಿ ತೃಪ್ತಿಪಡುವುದರಿಂದ ಅದರ ಅನೇಕ ಮಾದರಿಗಳು ಈ ಅಡಚಣೆಯನ್ನು ತಪ್ಪಿಸಿದುವು. 2022ರ ಕೊನೆಯಲ್ಲಿ ಸ್ಟೀಮ್ ಸಂಸ್ಥೆಯ ಗಣತಿಯಲ್ಲಿ ಇದೇ ಕಾರ್ಡು ಲೋಕದ ಎಲ್ಲ ಕಾರ್ಡುಗಳಿಗೂ ಮೊದಲಿನ ಸ್ಥಾನಕ್ಕೇರಿತೆಂಬುದನ್ನು ನೆನೆದರೆ, ಅಲ್ಪಬೆಲೆಯವರ ಸಂಖ್ಯೆ ಅಲ್ಪವಲ್ಲವೆಂಬುದು ವೇದ್ಯವಾಗುತ್ತದೆ. ಇದರ ನೆನಪಿನ ಕೋಶ 4 ಜಿ.ಬಿ.; ಆ ಕೋಶಕ್ಕೂ ಕಾರ್ಡಿನ ಲೆಕ್ಕದ ಘಟಕಗಳಿಗೂ ನಡುವೆ ಮೊದಲ ಮಾದರಿಯಲ್ಲಿ ಸೆಕೆಂಡಿಗೆ 128 ಜಿ.ಬಿ. ಸಾಗಬಲ್ಲದು. 2020ರಲ್ಲಿ ಅದೇ ಹೆಸರಿನಿಂದ ಬಂದ ಇನ್ನೊಂದು ಮಾದರಿಯಲ್ಲಿ ಈ ಪ್ರಮಾಣ 192ಕ್ಕೆ ಏರಿದೆ.

ಅದೇ ಹೆಸರಿನಿಂದ ಎಂಬ ಮಾತನ್ನು ವಾಚಕರು ಗಮನಿಸಬೇಕು. ಜಿಟಿಎಕ್ಸ್ 1650ರಲ್ಲಿ ಹೆಸರಿನ ಈ ಗೊಂದಲ ಕೊಳ್ಳುವವನಿಗೆ ಲಾಭವಾಗಿ ಪರಿಣಮಿಸಬಹುದು. ಇನ್ನೂ ಕೆಳಗಿನ ಜಿಟಿ 1030ರಲ್ಲಿ ಅದು ಶುದ್ಧ ಮೋಸಕ್ಕೆ ಸಮೀಪವಾಗಿದೆ. 2017ರಲ್ಲಿ ಸೆಕೆಂಡಿಗೆ 48 ಜಿ.ಬಿ. ಸಾಗಿಸುತ್ತಿದ್ದ ಕಾರ್ಡಿನ ಹೆಸರಿನಲ್ಲಿಯೇ 2018ರಲ್ಲಿ 17 ಜಿ.ಬಿ.ಯನ್ನೂ ಸಾಗಿಸಲಾರದ ಮತ್ತೊಂದನ್ನು ಮಾರಾಟಕ್ಕಿಡಲಾಯಿತು. ಪೆಟ್ಟಿಗೆಯ ಮೇಲಿನ ಸಣ್ಣಕ್ಷರಗಳನ್ನು ಓದದೆ ಕೊಂಡವನಿಗೆ ಮೂರರಲ್ಲಿ ಒಂದು ಪಾಲಿನ ವೇಗ ಮಾತ್ರ ದಕ್ಕಿತು. ಅಂಗಡಿಯವನ ಮಾತನ್ನು ನಂಬಿ ಕೊಳ್ಳುವ ಸಣ್ಣ ಊರಿನ ಗಿರಾಕಿಗೆ ಇಂಥಲ್ಲಿ ರಕ್ಷಣೆಯಿಲ್ಲ. ಯಾವ ಸೆಟ್ಟಿಂಗಿನಿಂದಲೂ ಈ ನಷ್ಟವನ್ನು ತುಂಬಿಕೊಡಲಾಗದು; ಆದುದರಿಂದ ಪೆಟ್ಟಿಗೆಯ ಮೇಲೆ ನೆನಪಿನ ಕೋಶದ ಜಾತಿಯನ್ನು ಓದಿಯೇ ಕೊಳ್ಳತಕ್ಕದ್ದು.

‘ಅಲ್ಪ’ ಎಂಬ ಮಾತು ಯಾವುದಕ್ಕೆ ಹೋಲಿಸಿ ಅಲ್ಪ? ಅಂಗಡಿಯ ಕಪಾಟಿನಲ್ಲಿರುವ ಇತರ ಕಾರ್ಡುಗಳಿಗೆ ಹೋಲಿಸಿ. ಕೃತಿಗೆ ಹೋಲಿಸಿದರೆ ಚಿತ್ರ ಬೇರೆಯಾಗುತ್ತದೆ. ‘ದಿ ಲಾಸ್ಟ್ ಲೆಗಸಿ’ ರಚಿತವಾದುದು 2013ರ ಪ್ಲೇಸ್ಟೇಷನ್ 4ಕ್ಕಾಗಿ. ಆ ಯಂತ್ರದ ಲೆಕ್ಕದ ಸಾಮರ್ಥ್ಯ 1.84 ಟೆರಾಫ್ಲಾಪ್, ಜಿಟಿಎಕ್ಸ್ 1650ರದು ಸುಮಾರು 3. ಬೇರೆ ಬೇರೆ ಜಾತಿಯ ಯಂತ್ರಗಳನ್ನು ಈ ಒಂದೇ ಅಂಕಿಯಿಂದ ತೂಗುವುದು ಪೂರ್ಣ ನ್ಯಾಯವಲ್ಲ. ಪ್ಲೇಸ್ಟೇಷನ್ನಿನ 8 ಜಿ.ಬಿ. ಸಮಾನ ಕೋಶದ ಸೌಲಭ್ಯ ನಮ್ಮ ಕಾರ್ಡಿಗಿಲ್ಲ. ಆದರೂ ಕೃತಿಕಾರರು ತಮ್ಮ ಕೃತಿಯನ್ನು ಯಾವ ರಂಗದ ಮೇಲೆ ಕಲ್ಪಿಸಿಕೊಂಡರೋ ಆ ರಂಗಕ್ಕಿಂತ ನಮ್ಮ ಬಡ ರಂಗ ಕೀಳಲ್ಲವೆಂಬುದು ಇದರಿಂದ ಸಿದ್ಧವಾಗುತ್ತದೆ. ಮೊದಲ ಪ್ರೇಕ್ಷಕರು ಅದನ್ನು ನೋಡಿದ್ದು ಸೆಕೆಂಡಿಗೆ 30 ಫ್ರೇಮಿನ ಗತಿಯಲ್ಲಿ, 1920ಕ್ಕೆ 1080 ಚುಕ್ಕೆಗಳ ಪರದೆಯಲ್ಲಿ. ಅಷ್ಟನ್ನು ಪಡೆದವನು ಮೂಲಕೃತಿಯನ್ನೇ ಪಡೆದನು, ಅದರಾಚೆಯದು ಅಲಂಕಾರ.

ಕಂಪ್ಯೂಟರಿನ ಆವೃತ್ತಿಗೆ ಪ್ರಕಾಶಕರು ಕೊಟ್ಟಿರುವ ಸೂಚನೆ ಹೀಗಿದೆ: ಕನಿಷ್ಠವೆಂದರೆ ಜಿಟಿಎಕ್ಸ್ 960, 720ರ ಪರದೆ, 30 ಫ್ರೇಮು, ಎಲ್ಲವೂ ‘ಲೋ’, ಶಿಫಾರಸು ಮಾಡಿದ್ದೆಂದರೆ ಜಿಟಿಎಕ್ಸ್ 1060, 1080ರ ಪರದೆ, 30 ಫ್ರೇಮು, ಎಲ್ಲವೂ ‘ಮೀಡಿಯಂ’. ನಾವು ಎತ್ತಿಕೊಂಡ ಕಾರ್ಡು ಇವೆರಡರ ನಡುವೆ ಬರುವುದು. ಡಿಸ್ಕಿನಲ್ಲಿ ಸಂಪುಟಕ್ಕೆ 126 ಜಿ.ಬಿ. ಜಾಗ ಬೇಕು. (ದಿನಕ್ಕೆ ಒಂದೂವರೆ ಜಿ.ಬಿ.ಯ ಮೊಬೈಲ್ ಪ್ಯಾಕನ್ನೇ ನಂಬಿ ಅಷ್ಟನ್ನೂ ಇಳಿಸಿಕೊಳ್ಳಹೊರಟವನಿಗೆ 84 ದಿನ ಹಿಡಿಯುವುದು. ಗೆಳೆಯನ ಡಿಸ್ಕಿನ ಮೂಲಕ ಗೇಮುಗಳು ಊರಿಂದೂರಿಗೆ ಏಕೆ ಪ್ರಯಾಣ ಮಾಡುತ್ತವೆ ಎಂಬುದಕ್ಕೆ ಬೇರೆ ಕಾರಣವನ್ನು ಹುಡುಕಬೇಕಾಗಿಲ್ಲ.)

‘ಎಲ್ಲವೂ ಲೋ’, ‘ಎಲ್ಲವೂ ಮೀಡಿಯಂ’ ಎಂಬ ಈ ಪ್ರಿಸೆಟ್ಟುಗಳ ಬಗೆಗೇ ನಮ್ಮ ಮುಖ್ಯ ಆಕ್ಷೇಪಣೆ. ಪ್ರಿಸೆಟ್ಟೆಂಬುದು ಒಬ್ಬ ಕುರುಡು ವಿಮರ್ಶಕ. ಕೃತಿಯ ಅಂಗಗಳಲ್ಲಿ ಯಾವುದು ಪ್ರಧಾನ, ಯಾವುದು ಗೌಣ ಎಂಬ ವಿವೇಕವಿಲ್ಲದೆ ಅದು ಎಲ್ಲವನ್ನೂ ಒಂದೇ ಅಳತೆಯಲ್ಲಿ ಕತ್ತರಿಸುತ್ತದೆ. ನಮ್ಮ ಪ್ರಾಚೀನ ಮೀಮಾಂಸಕರು, ವಿಶೇಷವಾಗಿ 11ನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರ, ಕಾವ್ಯದ ಜೀವಾಳವೆಂದು ಪ್ರತಿಪಾದಿಸಿದ ಔಚಿತ್ಯತತ್ತ್ವ ಇಲ್ಲಿ ಆಶ್ಚರ್ಯಕರವಾದಷ್ಟು ಉಪಯುಕ್ತವಾಗುತ್ತದೆ. ಅಲಂಕಾರ ಎಷ್ಟಿದೆ ಎಂದು ಔಚಿತ್ಯ ಕೇಳುವುದಿಲ್ಲ. ಎಲ್ಲಿದೆ, ಯಾವುದಕ್ಕಾಗಿ ಇದೆ ಎಂದು ಕೇಳುತ್ತದೆ. ಮೋಟಾರು ಪಂದ್ಯದ ಗೇಮಿನಲ್ಲಿ ಒದ್ದೆ ರಸ್ತೆಯ ಮೇಲಿನ ಬಿಂಬವೇ ಸೊಗಸಿನ ಸಾರವಾಗಿರಬಹುದು. ಭಯಾನಕ ರಸದ ಗೇಮಿನಲ್ಲಿ ನೆರಳನ್ನು ಕಳೆದರೆ ರಸವೇ ಕಳೆದುಹೋಗುವುದು. ‘ದಿ ಲಾಸ್ಟ್ ಲೆಗಸಿ’ಯಲ್ಲಿ ಪ್ರಧಾನವಾದುದು ಕಲ್ಲು. ಕಲ್ಲಿನ ಮೇಲೆ ಕೆತ್ತಿದ ಕಥೆಯನ್ನು ಓದುತ್ತ ನಾಯಿಕೆಯರು ದಾರಿ ಕಂಡುಕೊಳ್ಳುವುದರಿಂದ ಆ ಕೆತ್ತನೆ ಓದುವಂತಿರಬೇಕಾದುದು ಕಥೆಯ ಅಗತ್ಯವೂ ಹೌದು. ಟೆಕ್ಸ್ಚರ್, ಮಾಡೆಲ್, ಅನೈಸೋಟ್ರೋಪಿಕ್ ಫಿಲ್ಟರಿಂಗ್, ನೆರಳು, ಪ್ರತಿಬಿಂಬ, ಆಂಬಿಯೆಂಟ್ ಒಕ್ಲೂಷನ್ ಎಂಬ ಆರು ಅಂಶಗಳನ್ನು ಗೇಮು ಬೇರೆ ಬೇರೆಯಾಗಿ ಹೊಂದಿಸಲು ಬಿಡುತ್ತದೆ. ಈ ಸ್ವಾತಂತ್ರ್ಯವಿರುವಾಗ ಪ್ರಿಸೆಟ್ಟಿನ ಮೊರೆಹೋಗುವುದು ಸೋಮಾರಿತನ.

ಟೆಕ್ಸ್ಚರ್ ಎಂದರೆ ವಸ್ತುವಿನ ಆಕಾರಕ್ಕೆ ಹೊದಿಸುವ ಮೈಚಿತ್ರ. ಕಲ್ಲಿನ ಕಣ, ಉಳಿಯ ಗೀರು, ಪಾಚಿಯ ಹಸುರು ಎಲ್ಲವೂ ಅದರಲ್ಲಿಯೇ ಇರುವುದು. ಇದರ ವಿಷಯದಲ್ಲಿ ಸಾಮಾನ್ಯರಿಗೊಂದು ತಪ್ಪು ತಿಳಿವಳಿಕೆಯುಂಟು. ಇದನ್ನು ಏರಿಸಿದರೆ ಗೇಮು ನಿಧಾನವಾಗುವುದೆಂದು ಅವರು ಹೆದರುತ್ತಾರೆ. ವಾಸ್ತವವಾಗಿ ಟೆಕ್ಸ್ಚರು ಕಾರ್ಡಿನ ದುಡಿಮೆಗಿಂತ ಹೆಚ್ಚಾಗಿ ಜಾಗವನ್ನು ಬೇಡುತ್ತದೆ. ಪ್ರತಿ ಚುಕ್ಕೆಗೆ ಒಂದು ಬೈಟಿನಂತೆ ಅಡಕ ಮಾಡಿದ 4096ಕ್ಕೆ 4096 ಚುಕ್ಕೆಗಳ ಒಂದು ಮೈಚಿತ್ರ 16 ಎಂ.ಬಿ. ಜಾಗ ಹಿಡಿದರೆ, ಅಗಲ ಎತ್ತರಗಳನ್ನು ಅರ್ಧ ಮಾಡಿದ ಕೂಡಲೆ ಅದು 4 ಎಂ.ಬಿ.ಗೆ ಇಳಿಯುತ್ತದೆ. ಒಂದು ಮೆಟ್ಟಿಲು ಇಳಿದರೆ ಮುಕ್ಕಾಲು ಪಾಲು ಜಾಗ ಉಳಿಯಿತು. ಹಾಗೆಯೇ ಮುಕ್ಕಾಲು ಪಾಲು ವಿವರವೂ ಹೋಯಿತು. ಕೋಶದೊಳಗೆ ಹಿಡಿಸುವ ತನಕ ಏರಿಸಿದ ಟೆಕ್ಸ್ಚರಿನಿಂದ ವೇಗಕ್ಕೆ ಹೆಚ್ಚಿನ ಹಾನಿಯಿಲ್ಲ. ಹಿಡಿಸದೆ ಹೋದಾಗಲೇ ಅನರ್ಥ. ಮನೆಯ ಕಣಜದಲ್ಲಿ ಕಾಳಿರುವ ತನಕ ಬೀಸುವವಳ ಕೈ ನಿಲ್ಲದು. ಊರಾಚೆಯ ಹಗೇವಿನಿಂದ ಪ್ರತಿ ಸೇರಿಗೂ ಚಕ್ಕಡಿ ಹೂಡಬೇಕಾಗಿ ಬಂದರೆ ಕಲ್ಲು ತಿರುಗುವುದಕ್ಕಿಂತ ಕಾಯುವುದೇ ಹೆಚ್ಚು. ಕಾರ್ಡಿನ ಸ್ವಂತ ಕೋಶದಿಂದ ಸೆಕೆಂಡಿಗೆ 128 ಜಿ.ಬಿ. ಬರುವಲ್ಲಿ, ಕಂಪ್ಯೂಟರಿನ ಹೊರಕೋಶದಿಂದ ಬರುವ ದಾರಿ ಸುಮಾರು 16 ಜಿ.ಬಿ.ಯದು, ಎಂಟನೆಯ ಒಂದು ಪಾಲು. ಆದುದರಿಂದ 4 ಜಿ.ಬಿ. ಕಾರ್ಡಿನಲ್ಲಿ ಟೆಕ್ಸ್ಚರನ್ನು ‘ಮೀಡಿಯಂ’ನಿಂದ ಆರಂಭಿಸಿ ‘ಹೈ’ಗೆ ಏರಿಸಿ ನೋಡಬೇಕು, ಜೀಪನ್ನು ವೇಗವಾಗಿ ಓಡಿಸುತ್ತ ಹೊಸ ಪ್ರದೇಶವನ್ನು ಹೊಕ್ಕಾಗ ಚಿತ್ರ ಮುಗ್ಗರಿಸಿದರೆ ಮರಳಿ ಇಳಿಸಬೇಕು. ಅದಕ್ಕಿಂತ ಕೆಳಗೆ ಇಳಿಯುವುದನ್ನು ನಾವು ಒಪ್ಪುವುದಿಲ್ಲ.

ಇಲ್ಲಿಯೇ ಕೃತಿಯ ಗುಣದೋಷವನ್ನು ಬಯಲುಮಾಡುವ ಒಂದು ವಿಚಿತ್ರ ಸಂಗತಿ ಎದುರಾಗುತ್ತದೆ. ಟೆಕ್ಸ್ಚರನ್ನು ಇಳಿಸಿದಾಗಲೂ ಈ ಗೇಮಿನ ಮೂರ್ತಿಗಳು ನಾವು ನಿರೀಕ್ಷಿಸಿದಷ್ಟು ಕೆಡುವುದಿಲ್ಲ. ಕಾರಣವೇನೆಂದರೆ ಅವು ಬೃಹದಾಕಾರದವು. ಬೆಟ್ಟದ ಮೈಯಿಂದ ಎದ್ದುಬಂದ ಗಣೇಶ, ಕಣಿವೆಯನ್ನು ಕಾಯುವ ದೇವತೆಗಳು ಇವುಗಳ ಪ್ರಭಾವ ಗಾತ್ರದಿಂದ ಬರುತ್ತದೆ. ದೂರದಿಂದ ನೋಡುವವನಿಗೆ ರೇಖೆಯೇ ಸಾಕು. ಹೊಯ್ಸಳ ಶಿಲ್ಪವಾದರೊ ಇದಕ್ಕೆ ತೀರ ವಿರುದ್ಧವಾದ ದಾರಿಯನ್ನು ಹಿಡಿದುದು. 1117ರ ಬೇಲೂರಿನ ಚೆನ್ನಕೇಶವ ದೇವಾಲಯವಾಗಲಿ, ಅದೇ ಶತಮಾನದ ಹಳೇಬೀಡಿನ ಹೊಯ್ಸಳೇಶ್ವರವಾಗಲಿ ನೋಡುವವನನ್ನು ಎತ್ತರದಿಂದ ಬೆದರಿಸುವುದಿಲ್ಲ. ನಕ್ಷತ್ರಾಕಾರದ ಜಗತಿಯ ಮೇಲೆ ಅವು ನೆಲಕ್ಕೆ ಒತ್ತಿ ಕುಳಿತಿವೆ. ಗಣಿಯಿಂದ ತೆಗೆದಾಗ ಮೆತ್ತಗಿದ್ದು ಗಾಳಿಗೆ ಗಡುಸಾಗುವ ಬಳಪದ ಕಲ್ಲನ್ನು ಆರಿಸಿಕೊಂಡು ಆ ಶಿಲ್ಪಿಗಳು ಸೂಕ್ಷ್ಮವನ್ನೇ ಸಾಧಿಸಿದರು. ಗೋಡೆಯ ಅಡಿಯಲ್ಲಿ ಆನೆಯ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ, ಮಕರ, ಹಂಸ; ನಡುವೆ ರಾಮಾಯಣ ಭಾರತಗಳ ಕಥಾಪಟ್ಟಿ. ಬೇಲೂರಿನ ಮದನಿಕೆಯೊಂದರ ಮೇಲಿನ ಬಳ್ಳಿಮಾಡದಲ್ಲಿ ಹಲ್ಲಿಯೊಂದು ನೊಣವನ್ನು ಹಿಡಿಯಲು ಹೊಂಚುಹಾಕಿರುವುದನ್ನು ಅಲ್ಲಿಗೆ ಹೋದವರಿಗೆಲ್ಲ ತೋರಿಸುತ್ತಾರೆ. ಆ ನೊಣವೇ ಹೊಯ್ಸಳ ಕಲೆಯ ಅಳತೆಗೋಲು. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮೊದಲಾದವರು ತಮ್ಮ ಹೆಸರನ್ನು ಕನ್ನಡದಲ್ಲಿ ಕೊರೆದು ನಿಲ್ಲಿಸಿದುದು ಇಂಥ ಕೆಲಸದ ಹೆಮ್ಮೆಯಿಂದ. ಕರ್ನಾಟಕದಲ್ಲಿ ಬೃಹತ್ತಿನ ಕಲೆ ಇಲ್ಲವೆಂದಲ್ಲ. ಅದೇ ಹಾಸನದ ಸೀಮೆಯಲ್ಲಿ ಶ್ರವಣಬೆಳಗೊಳದ ಗೊಮ್ಮಟ ನಿಂತಿದ್ದಾನೆ. ಆದರೆ ಅವನು 10ನೆಯ ಶತಮಾನದ ಗಂಗರ ಮಂತ್ರಿ ಚಾವುಂಡರಾಯನ ಸಂಕಲ್ಪ, ಹೊಯ್ಸಳರದಲ್ಲ.

ಹಾಗಾದರೆ ಗೇಮಿನ ಕಲಾವಿದರು ಹೊಯ್ಸಳರ ಹೆಸರನ್ನಿಟ್ಟು ಹೊಯ್ಸಳೇತರವಾದ ಕಲ್ಪನೆಯನ್ನು ಕಡೆದಿದ್ದಾರೆ ಎಂದು ಹೇಳಬೇಕಾಗುತ್ತದೆ. ಇದು ಅವರ ಅಜ್ಞಾನವೆಂದು ನಮಗೆ ತೋರುವುದಿಲ್ಲ. ಓಡುತ್ತ, ಹತ್ತುತ್ತ, ಹಗ್ಗ ಹಿಡಿದು ತೂಗುತ್ತ ಸಾಗುವ ಆಟಗಾರ ನೊಣದ ಮುಂದೆ ನಿಲ್ಲುವವನಲ್ಲ. ಅವನಿಗೆ ಕೈಹಿಡಿದು ಏರಲು ದೇವತೆಯ ಭುಜ ಬೇಕು. ಆಟದ ಧರ್ಮ ಶಿಲ್ಪದ ಧರ್ಮವನ್ನು ಬದಲಿಸಿತು. ನಮ್ಮ ಪ್ರಕೃತ ವಿಷಯಕ್ಕೆ ಬೇಕಾದುದು ಇಷ್ಟೆ: ನಿಜವಾದ ಹಳೇಬೀಡಿನ ಗೋಡೆಯನ್ನು ಗೇಮಿನಲ್ಲಿ ಇಟ್ಟಿದ್ದರೆ 4 ಜಿ.ಬಿ.ಯ ಕಾರ್ಡಿನಲ್ಲಿ ಮೊದಲು ಸಾಯುತ್ತಿದ್ದುದು ಅದೇ. ಗೇಮಿನ ಕಲ್ಲು ಬಡವನ ಕಾರ್ಡಿನಲ್ಲಿ ಬದುಕಿ ಉಳಿಯುವುದು ಅದು ಹೊಯ್ಸಳ ಕಲ್ಲಲ್ಲದ ಕಾರಣದಿಂದ. ಸವದತ್ತಿಗೆ ಸಮೀಪದ ಹೂಲಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ಕಂಬದ ತಿರುವುಗಳ ಮೇಲೆ ಕೈಯಾಡಿಸಿದವರಿಗೆ ಈ ವ್ಯತ್ಯಾಸವನ್ನು ವಿವರಿಸಬೇಕಾಗಿಲ್ಲ.

ಅನೈಸೋಟ್ರೋಪಿಕ್ ಫಿಲ್ಟರಿಂಗ್ ಎಂಬುದು ಹೆಸರಿನಲ್ಲಿ ಭಯಂಕರ, ಖರ್ಚಿನಲ್ಲಿ ಅತ್ಯಲ್ಪ. ಓರೆಯಾಗಿ ಕಾಣುವ ನೆಲ, ಉದ್ದಕ್ಕೆ ಹಬ್ಬಿದ ಗೋಡೆ ಇವುಗಳ ಮೈಚಿತ್ರ ದೂರ ಹೋದಂತೆ ಕಲಸಿಹೋಗದಂತೆ ಅದು ತಡೆಯುತ್ತದೆ. ಕಲ್ಲುಹಾಸಿನ ಅಂಗಳಗಳೇ ತುಂಬಿರುವ ಈ ಗೇಮಿನಲ್ಲಿ ಅದನ್ನು 16ರ ಮಟ್ಟದಲ್ಲಿಯೇ ಇಡತಕ್ಕದ್ದು. ಪ್ರಿಸೆಟ್ಟು ಅದನ್ನೂ ಇತರ ಅಂಶಗಳ ಸಾಲಿನಲ್ಲಿಯೇ ನಿಲ್ಲಿಸುವುದು ಅದರ ಕುರುಡಿಗೆ ಇನ್ನೊಂದು ನಿದರ್ಶನ.

ಆಂಬಿಯೆಂಟ್ ಒಕ್ಲೂಷನ್ನಿನದು ಹೆಚ್ಚು ಗಹನವಾದ ವಿಷಯ. ಎರಡು ಮೈಗಳು ಕೂಡುವ ಸಂದಿನಲ್ಲಿ, ಗೂಡಿನ ಒಳಮೂಲೆಯಲ್ಲಿ, ಮೂರ್ತಿಯ ತೋಳು ಎದೆಗೆ ತಾಗುವಲ್ಲಿ ಬೆಳಕು ಕುಗ್ಗಿ ನೆಲೆಸುವ ಮಬ್ಬುಗತ್ತಲೆಯನ್ನು ಲೆಕ್ಕ ಹಾಕಿ ತುಂಬುವುದು ಅದರ ಕೆಲಸ. ಅದಕ್ಕೆ ಕಾರ್ಡು ಸಾಕಷ್ಟು ದುಡಿಯಬೇಕು. ಆದುದರಿಂದಲೇ ವೇಗದ ಹಂಬಲದವರು ಮೊದಲು ಆರಿಸುವ ದೀಪವೂ ಅದೇ. ಬಯಲಿನಲ್ಲಿ ನಡೆಯುವ ಗೇಮಿಗೆ ಇದು ಸಲ್ಲಬಹುದು. ಉಬ್ಬುಶಿಲ್ಪದ ಗೇಮಿನಲ್ಲಿ ಸಲ್ಲದು. ಉಬ್ಬುಶಿಲ್ಪವೆಂಬುದು ಕಲ್ಲಿಗಿಂತ ಹೆಚ್ಚಾಗಿ ಕತ್ತಲೆಯಿಂದ ಮಾಡಿದ ಕಲೆ. ಶಿಲ್ಪಿ ಕೊರೆದು ತೆಗೆಯುವುದು ಕಲ್ಲನ್ನಾದರೂ ಉಳಿಸಿಹೋಗುವುದು ನೆರಳಿನ ಗೆರೆಯನ್ನು. ಆ ಗೆರೆ ಅಳಿಸಿದರೆ ಮೂರ್ತಿ ಗೋಡೆಗೆ ಅಂಟಿಸಿದ ಕಾಗದದಂತೆ ಚಪ್ಪಟೆಯಾಗುತ್ತದೆ. ನಡುಹಗಲಲ್ಲಿ ಹಳೇಬೀಡಿಗೆ ಹೋಗಿ ನಿರಾಶರಾದವರು ಬೈಗಿನ ಓರೆಬಿಸಿಲಲ್ಲಿ ಅದೇ ಗೋಡೆಯ ಮುಂದೆ ನಿಂತರೆ ಈ ಮಾತನ್ನು ಒಪ್ಪುವರು. ಉಳಿದೆಲ್ಲವನ್ನೂ ಇಳಿಸಬೇಕಾಗಿ ಬಂದರೂ ಇದನ್ನು ಆರಿಸಬಾರದು. ಕೆಳಗಿನ ಮಟ್ಟದಲ್ಲಾದರೂ ಉರಿಯುತ್ತಿರಲಿ.

ನೆರಳಿನ ವಿಷಯದಲ್ಲಿ ನಮ್ಮ ತೀರ್ಪು ಅಷ್ಟು ಸರಳವಲ್ಲ. ಸೂರ್ಯನ ನೆರಳನ್ನು ಉನ್ನತ ಮಟ್ಟದಲ್ಲಿ ಚಿತ್ರಿಸುವುದು ದುಬಾರಿ. ಕಾಡಿನ ಎಲೆಗಳ ಮೂಲಕ ಇಳಿಯುವ ಬಿಸಿಲ ಚುಕ್ಕೆಗಳು ಸ್ವಲ್ಪ ಮಸುಕಾದರೆ ಕಥೆಗೇನೂ ಊನವಿಲ್ಲ. ಇದೇ ತತ್ತ್ವದಿಂದ ನೆರಳನ್ನು ‘ಲೋ’ಗೆ ಇಳಿಸಿಬಿಡಬಹುದಾಗಿತ್ತು. ಆದರೆ ಗೇಮಿನಲ್ಲಿ ನೆರಳೇ ಕಥೆಯಾಗುವ ಒಂದು ಪ್ರಸಂಗ ಬರುತ್ತದೆ. ಮೂರ್ತಿಗಳನ್ನು ಸರಿಸಿ ತಿರುಗಿಸಿ ಅವುಗಳ ನೆರಳು ಎದುರಿನ ಭಿತ್ತಿಚಿತ್ರದಲ್ಲಿ ಸರಿಯಾದ ಎಡೆಯಲ್ಲಿ ಬೀಳುವಂತೆ ಆಟಗಾರ ಹೊಂದಿಸಬೇಕು. ನೆರಳು ಕೂಡಿದಾಗ ಪುರಾಣದ ದೃಶ್ಯ ಪೂರ್ಣವಾಗಿ ಬಾಗಿಲು ತೆರೆಯುತ್ತದೆ. ನಮ್ಮ ತೊಗಲುಗೊಂಬೆಯಾಟವನ್ನು ನೋಡಿದವರಿಗೆ ಇಲ್ಲಿ ತಟ್ಟನೆ ಪರಿಚಯದ ಭಾವ ಮೂಡುವುದು. ತೊಗಲುಗೊಂಬೆಯ ನೆರಳಿನ ಅಂಚು ಎಣ್ಣೆದೀಪದ ಮುಂದೆ ಎಂದೂ ಸ್ಥಿರವಾಗಿರಲಿಲ್ಲ. ಆ ನಡುಕವೇ ಗೊಂಬೆಗೆ ಉಸಿರಾಗಿತ್ತು. ಆದುದರಿಂದ ಅಂಚು ಮೆತ್ತಗಾಗುವುದನ್ನು ನಾವು ದೋಷವೆನ್ನುವುದಿಲ್ಲ. ‘ಲೋ’ ಮಟ್ಟದ ತೊಂದರೆ ಬೇರೆ: ಅಲ್ಲಿ ನೆರಳಿನ ನಕ್ಷೆಯ ಚುಕ್ಕೆಗಳು ದಪ್ಪನಾಗಿ ಅಂಚು ಮೆಟ್ಟಿಲುಮೆಟ್ಟಿಲಾಗುತ್ತದೆ, ಚಲಿಸುವಾಗ ಕುದಿಯುತ್ತದೆ. ದೀಪದ ನಡುಕಕ್ಕೂ ಈ ಕುದಿತಕ್ಕೂ ಸಾಮ್ಯವಿಲ್ಲ. ‘ಮೀಡಿಯಂ’ ಇಲ್ಲಿ ಉಚಿತವಾದ ಮಟ್ಟ.

ಪ್ರತಿಬಿಂಬವನ್ನು ಯೋಚಿಸದೆ ಇಳಿಸಬಹುದು. ಮಾಡೆಲ್ಲಿನ ಮಟ್ಟ ‘ಮೀಡಿಯಂ’ ಇದ್ದರೆ ಸಾಕು.

ಪರದೆಯ ಚುಕ್ಕೆಗಳ ಸಂಖ್ಯೆಯೇ ಎಲ್ಲಕ್ಕಿಂತ ದೊಡ್ಡ ಸನ್ನೆಗೋಲು. 1920ಕ್ಕೆ 1080 ಎಂದರೆ 20,73,600 ಚುಕ್ಕೆ. 1280ಕ್ಕೆ 720 ಎಂದರೆ 9,21,600. ಎರಡನೆಯದರಲ್ಲಿ ಕಾರ್ಡಿನ ಕೆಲಸ ಅರ್ಧಕ್ಕಿಂತ ಕಡಿಮೆ. ಎ.ಎಂ.ಡಿ. ಕಂಪನಿ 2022ರಲ್ಲಿ ಹೊರತಂದ ಎಫ್‌ಎಸ್‌ಆರ್ 2 ಎಂಬ ಉಪಾಯ ಚಿಕ್ಕ ಚಿತ್ರವನ್ನು ಬಿಡಿಸಿಕೊಂಡು, ಹಿಂದಿನ ಫ್ರೇಮುಗಳಲ್ಲಿ ಕಂಡ ವಿವರವನ್ನು ಕೂಡಿಸಿ ದೊಡ್ಡದಾಗಿ ಹಿಗ್ಗಿಸುತ್ತದೆ. ಅದರ ‘ಕ್ವಾಲಿಟಿ’ ಮಟ್ಟದಲ್ಲಿ 1080ರ ಪರದೆಗೆ ಬಿಡಿಸುವುದು 720ರ ಚಿತ್ರವನ್ನೇ. ಎನ್‌ವಿಡಿಯಾದ ಡಿಎಲ್‌ಎಸ್‌ಎಸ್ ಇದಕ್ಕಿಂತ ಮೇಲೆನ್ನುವವರುಂಟು. ಅದು ಆರ್‌ಟಿಎಕ್ಸ್ ಕಾರ್ಡುಳ್ಳವರ ಸ್ವತ್ತು, ಜಿಟಿಎಕ್ಸ್‌ನವರಿಗೆ ಮುಚ್ಚಿದ ಬಾಗಿಲು. ಪ್ರತಿಸ್ಪರ್ಧಿಯ ಕಾರ್ಡಿನಲ್ಲಿಯೂ ನಡೆಯುವಂತೆ ಎ.ಎಂ.ಡಿ. ತನ್ನ ಉಪಾಯವನ್ನು ತೆರೆದಿಟ್ಟುದು ಬಡ ಆಟಗಾರನಿಗೆ ಆದ ದೊಡ್ಡ ಉಪಕಾರ, ಅದರ ಹಿಂದಿನ ವ್ಯಾಪಾರದ ಲೆಕ್ಕ ಏನೇ ಇರಲಿ. ಹಿಗ್ಗಿಸುವುದಕ್ಕೂ ಕಾರ್ಡು ಒಂದಿಷ್ಟು ಕೂಲಿ ಕೇಳುತ್ತದೆ. ಗಾಳಿಗೆ ಅಲ್ಲಾಡುವ ಹುಲ್ಲು, ಸಣ್ಣ ಎಲೆ, ದೂರದ ಹಗ್ಗ ಇವುಗಳಲ್ಲಿ ಮಿನುಗು, ಎಳೆತ ಕಾಣಿಸುತ್ತವೆ. ನಿಂತ ಕಲ್ಲಿನಲ್ಲಿಯೋ ಫ್ರೇಮಿನಿಂದ ಫ್ರೇಮಿಗೆ ವಿವರ ಕೂಡುತ್ತಲೇ ಹೋಗುವುದರಿಂದ ಅಲ್ಲಿ ನಷ್ಟ ತೀರ ಕಡಿಮೆ. ಹೀಗೆ ಈ ಗೇಮಿನ ಪ್ರಧಾನ ವಸ್ತುವೂ ಈ ಉಪಾಯದ ಬಲವೂ ಒಂದೇ ಕಡೆ ಬಂದು ಸೇರಿವೆ. ಕಾಡನ್ನು ಕೊಂಚ ಬಿಟ್ಟುಕೊಟ್ಟು ಕಲ್ಲನ್ನು ಉಳಿಸಿಕೊಳ್ಳುವುದು ಇಲ್ಲಿ ಯೋಗ್ಯವಾದ ವಿನಿಮಯ.

ಇಷ್ಟೆಲ್ಲ ಹೊಂದಿಸಿದ ಮೇಲೆ ವೇಗವೆಷ್ಟಿರಬೇಕು? ಸೆಕೆಂಡಿಗೆ 60 ಚಿತ್ರವನ್ನು ತೋರಿಸುವ ಸಾಮಾನ್ಯ ಮಾನಿಟರಿನಲ್ಲಿ ಒಂದು ಚಿತ್ರದ ಪಾಲು 16.7 ಮಿಲಿಸೆಕೆಂಡು. 30 ಫ್ರೇಮಿಗೆ ಕಟ್ಟುಹಾಕಿದರೆ ಪ್ರತಿ ಫ್ರೇಮೂ ಸರಿಯಾಗಿ ಎರಡು ಪಾಲು ನಿಲ್ಲುತ್ತದೆ. 40ರಿಂದ 45ರ ನಡುವೆ ಹೊಯ್ದಾಡಲು ಬಿಟ್ಟರೆ ಒಂದು ಫ್ರೇಮು ಒಂದು ಪಾಲು, ಮುಂದಿನದು ಎರಡು ಪಾಲು ನಿಂತು ನಡಿಗೆ ಕುಂಟುತ್ತದೆ. ಅಂಕಿ ದೊಡ್ಡದಾದರೂ ಕಣ್ಣಿಗೆ ಹಿತವಿಲ್ಲ. ವಿಲಂಬಿತದಲ್ಲಿ ಹಾಡುವುದು ದೋಷವಲ್ಲ, ಲಯ ತಪ್ಪುವುದು ದೋಷ ಎಂಬುದನ್ನು ಧಾರವಾಡದ ಸೀಮೆಯ ಶ್ರೋತೃಗಳಿಗೆ ಹೇಳಿಕೊಡಬೇಕಾಗಿಲ್ಲ. ಪರದೆಯ ಮೂಲೆಯಲ್ಲಿ ಫ್ರೇಮಿನ ಅಂಕಿಯನ್ನು ಸದಾ ಕುಣಿಸಿಕೊಂಡು ಆಡುವ ಪದ್ಧತಿಯೊಂದು ಬೆಳೆದಿದೆ. ರಸಾಸ್ವಾದಕ್ಕೆ ಇದಕ್ಕಿಂತ ದೊಡ್ಡ ವಿಘ್ನ ಇನ್ನೊಂದಿಲ್ಲ. ಹೊಂದಿಸುವಾಗ ಅಂಕಿಯನ್ನು ನೋಡಿ, ಹೊಂದಿಸಿದ ಮೇಲೆ ಆರಿಸಿಬಿಡಬೇಕು.

ನಮ್ಮ ಈ ವಾದಕ್ಕೆ ಎಲ್ಲೆಯುಂಟು; ಅದನ್ನು ಮರೆಮಾಚುವುದು ಸರಿಯಲ್ಲ. 2024ರ ಡಿಸೆಂಬರಿನಲ್ಲಿ ಬಂದ ‘ಇಂಡಿಯಾನಾ ಜೋನ್ಸ್ ಅಂಡ್ ದ ಗ್ರೇಟ್ ಸರ್ಕಲ್’ ಎಂಬ ಗೇಮು ಕೂಡ ಪ್ರಾಚೀನ ಅವಶೇಷಗಳಲ್ಲಿ ಅಲೆಯುವ ಕಥೆಯೇ. ಅದು ಬೆಳಕಿನ ಕಿರಣವನ್ನು ಹಿಂಬಾಲಿಸಿ ಲೆಕ್ಕ ಹಾಕುವ ರೇ ಟ್ರೇಸಿಂಗ್ ಯಂತ್ರಾಂಗವನ್ನು ಕಾರ್ಡಿನಲ್ಲಿಯೇ ಬೇಡುತ್ತದೆ. ಕನಿಷ್ಠ 8 ಜಿ.ಬಿ.ಯ ಆರ್‌ಟಿಎಕ್ಸ್ 2060 ಸೂಪರ್ ಇರಬೇಕೆಂದು ವಿಧಿಸುತ್ತದೆ. 2025ರ ‘ಡೂಮ್: ದ ಡಾರ್ಕ್ ಏಜಸ್’ ಕೂಡ ಅದೇ ಜಾತಿಯದು. ಜಿಟಿಎಕ್ಸ್ 1650 ಉಳ್ಳವನು ಅಲ್ಲಿ ಯಾವ ವಿವೇಕವನ್ನು ಪ್ರಯೋಗಿಸಿದರೂ ಫಲವಿಲ್ಲ, ಸೆಟ್ಟಿಂಗಿನ ಪುಟದ ತನಕವೂ ಅವನಿಗೆ ಪ್ರವೇಶವಿಲ್ಲ. ಆರಿಸುವ ಅಧಿಕಾರ ಪ್ರೇಕ್ಷಕನಿಂದ ಮತ್ತೆ ರಂಗದ ಹಿಂದಿನವರ ಕೈಗೆ ಸರಿಯುತ್ತಿದೆ. ಬೆಳಕಿನ ಸಹಜತೆಯ ದೃಷ್ಟಿಯಿಂದ ಇದು ಮುನ್ನಡೆಯೇ. ಆ ಮುನ್ನಡೆಯ ಬೆಲೆಯನ್ನು ತೆರುವವರು ಯಾರು ಎಂಬುದನ್ನು ಪ್ರಕಾಶಕರ ಲೆಕ್ಕದಲ್ಲಿ ಕಾಣೆವು.

ಕೊನೆಯದಾಗಿ, ಸೆಟ್ಟಿಂಗುಗಳಿಗೆ ಸಿಕ್ಕದ ಕೆಲವು ಕೊರತೆಗಳು. ಗೇಮಿನ ಬೇಲೂರು ಮನುಷ್ಯರು ತೊರೆದುಹೋದ ಕಾಡುಪಾಳು; ಹೊರಗಿನಿಂದ ಬಂದ ಸಾಹಸಿಗಳು ಅದನ್ನು ಕಂಡುಹಿಡಿಯಬೇಕು. ನಿಜವಾದ ಬೇಲೂರು ಬಸ್ಸು ನಿಲ್ಲುವ ಊರು. ಚೆನ್ನಕೇಶವನಿಗೆ ಅಲ್ಲಿ ಪೂಜೆ ನಿಂತಿಲ್ಲ. ಹಳೇಬೀಡು ಅಲ್ಲಿಂದ ಸುಮಾರು 16 ಕಿಲೋಮೀಟರು. 2023ರಲ್ಲಿ ಇವೆರಡೂ ಸೋಮನಾಥಪುರದೊಡನೆ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದುವು. ಮರೆತ ನಗರವೆಂಬ ಕಲ್ಪನೆ ನಿಧಿಶೋಧದ ಕಥೆಗಳ ಹಳೆಯ ಬಂಡವಾಳ. ಕಥೆಗಾರರು ಅದನ್ನು ಬಿಡಲಾರದೆ ಹೋದರು.

ಇದಕ್ಕಿಂತ ಆಳವಾದ ಕೊರತೆ ಪರಶುರಾಮನದು. ಗೇಮು ಆರಿಸಿಕೊಂಡ ಕಥೆಯಲ್ಲಿ ಮಗನೊಬ್ಬ ತಂದೆಯ ಕೊಡಲಿಗೆ ಗೌರವ ತೋರಿ ಏಟನ್ನು ಸಹಿಸುತ್ತಾನೆ. ತಂದೆಯ ಹಂಬಲದ ಭಾರವನ್ನು ಹೊತ್ತು ನಡೆಯುವ ಕ್ಲೋಯಿಯ ಕಥೆಗೆ ಇದು ಬಹು ಉಚಿತವಾಗಿ ಒದಗಿದೆ. ಗೇಮಿನ ಅತ್ಯುತ್ತಮ ಕಲ್ಪನೆ ಇದೇ ಎಂದು ನಾವು ಎಣಿಸುತ್ತೇವೆ. ಆದರೆ ಪರಶುರಾಮನಿಗೆ ಇನ್ನೊಂದು ಕಥೆಯುಂಟು. ಅಲ್ಲಿಯೂ ತಂದೆಯುಂಟು, ಮಗನುಂಟು, ಕೊಡಲಿಯುಂಟು. ಜಮದಗ್ನಿಯ ಅಪ್ಪಣೆಯಂತೆ ಆ ಕೊಡಲಿ ಬೀಳುವುದು ತಾಯಿಯ ಕೊರಳ ಮೇಲೆ. ವರ ಬೇಡಿ ಮಗ ಆಕೆಯನ್ನು ಮರಳಿ ಪಡೆಯುತ್ತಾನೆ. ತಂದೆಯ ಮಾತನ್ನು ನಡೆಸುವುದರ ಬೆಲೆಯೇನು ಎಂಬ ಪ್ರಶ್ನೆಯನ್ನೇ ಕೇಳುತ್ತಿರುವ ಗೇಮಿಗೆ ಈ ಕಥೆ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಗೇಮಿನ ಮುಖ್ಯ ಕಥಾಸರಣಿಯಲ್ಲಿ ರೇಣುಕೆಗೆ ಎಡೆ ದೊರೆತಿಲ್ಲ. ಅವಳ ಕೊಡ, ಮಲಪ್ರಭೆಯ ಮರಳು, ಮಗನ ಕೊಡಲಿ ಇವು ಮೂರೂ ಸವದತ್ತಿಯ ಗುಡ್ಡದಲ್ಲಿ ಒಂದೇ ಕಥೆಯಾಗಿ ಉಳಿದಿವೆ. ಗೇಮಿನ ಕೋಟೆಗಳ ಲಾಂಛನಗಳಲ್ಲಿ ಮೂರನೆಯದು ಮಾತ್ರ ಕಾಣುತ್ತದೆ.